ಇನ್ನೂ ಕಾಲು ಭಾಗ

"ಇನ್ನೂ ಕಾಲು ಭಾಗ ಇದೆ," ಎಂದುಬಿಟ್ಟ ಮುದುಕ. ಡಾಕ್ಟರಮ್ಮ ಕೇಳಿದ್ದು ಅವನ ಮಗಳನ್ನು. ಉತ್ತರ ಹೊರಬಿದ್ದದ್ದು ಅವನ ಬಾಯಿಂದ. "ಇನ್ಹೇಲರ್ ಖಾಲಿ ಆಗಿಲ್ಲ ತಾನೆ?" ಎಂದು ಆಕೆ ಬರೆಯುತ್ತ ಬರೆಯುತ್ತ, ತಲೆ ಎತ್ತದೆ ಕೇಳಿದ್ದಳು. ಮಗಳು ಬಾಯಿ ತೆರೆಯುವಷ್ಟರಲ್ಲಿ ಅವನು ಅಂಗಿಯ ಜೇಬಿನಿಂದ ಮೊಮ್ಮಗಳ ಕಂದು ಬಣ್ಣದ ಇನ್ಹೇಲರ್ ತೆಗೆದು, ಅಂಗೈ ಮೇಲಿಟ್ಟು, ಒಂದು ಸಲ ಸಣ್ಣಗೆ ಚಿಮ್ಮಿ ಹಿಡಿದು, ತೀರ್ಪು ಕೊಟ್ಟಾಗಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿಯೂ ತೋರಿಸಿದ. ಒಳಗೆ ಏನೋ ಗಳಗಳ ಎಂದಿತು. ಡಾಕ್ಟರಮ್ಮ ಸರಿ ಎಂಬಂತೆ ತಲೆಯಾಡಿಸಿ ಮತ್ತೆ ಬರೆಯತೊಡಗಿದಳು. ಹೊರಗೆ ಇಪ್ಪತ್ತು ಜನ ಕಾದಿದ್ದರು. ಒಬ್ಬ ಮುದುಕ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಯಾರು ಪರೀಕ್ಷೆ ಮಾಡುತ್ತ ಕೂರುತ್ತಾರೆ? ಅವನು ಮೂವತ್ತೊಂದು ವರ್ಷ ಅಡುಗೆ ಗ್ಯಾಸಿನ ಗೋದಾಮಿನಲ್ಲಿ ಸಿಲಿಂಡರು ಎತ್ತಿದವನು. ಬರೀ ಎತ್ತಿದವನಲ್ಲ, ಒಂದು ಕೈಯಲ್ಲಿ ಹಿಡಿ ಹಿಡಿದು, ಅರ್ಧ ಅಂಗುಲ ಮೇಲಕ್ಕೆಳೆದು, ಇದು ತುಂಬಿದ್ದು, ಇದು ಅರ್ಧ, ಇದರಲ್ಲಿ ಒಂದು ಕಿಲೋ ಕಮ್ಮಿ ಎಂದು ಹೇಳುತ್ತಿದ್ದವನು. ಅಲ್ಲಿ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಮೊಮ್ಮಗಳು ಸಹ ತಕ್ಕಡಿ ತಾತ ಎನ್ನುತ್ತಾಳೆ. ಕೆಲಸ ಹೋದರೂ ಅಂಗೈ ಹೋಗಿಲ್ಲ ಎಂದು ಅವನ ನಂಬಿಕೆ.

"ಒಂದು ದಿನಾನೂ ತಪ್ಪಿಸಿಲ್ಲವಾ?" ಎಂದು ಡಾಕ್ಟರಮ್ಮ ಮತ್ತೆ ಕೇಳಿದಳು. ಈ ಸಲ ಮಗಳು ಅವನತ್ತ ನೋಡಿದಳು. "ತಪ್ಪಿಸಿಲ್ಲ," ಎಂದ. ಅದು ನಿಜ. ಬೆಳಿಗ್ಗೆ ಎರಡು, ಸಂಜೆ ಎರಡು. ಮಗಳು ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕಾಜಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಏಳಕ್ಕೇ ಹೊರಡುತ್ತಾಳೆ, ಅಳಿಯ ಲಾರಿಯ ಮೇಲೆ ಊರೂರು ಅಲೆಯುತ್ತಾನೆ, ಹಾಗಾಗಿ ಆ ಕೆಲಸ ಅವನದು. ಈ ಮನೆಯಲ್ಲಿ ಅವನದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ. "ಎಲ್ಲಿ, ಹೇಗೆ ತಗೋತೀಯಾ ತೋರಿಸು," ಎಂದಾಗ ಏಳು ವರ್ಷದ ಹುಡುಗಿ, ಉದ್ದ ಕಾಲಿನವಳೆಂದು ಕೊಕ್ಕರೆ ಎನಿಸಿಕೊಂಡವಳು, ಪ್ಲಾಸ್ಟಿಕ್ಕಿನ ಉದ್ದ ಕೊಳವೆಯನ್ನು ಬಾಯಿಗಿಟ್ಟು, ತುಟಿ ಬಿಗಿ ಮಾಡಿ, ನಿಧಾನ ಎಳೆದು, ಹತ್ತರ ತನಕ ಬೆರಳಲ್ಲಿ ಎಣಿಸಿ, ಬಿಟ್ಟಳು. ಡಾಕ್ಟರಮ್ಮನ ಮುಖ ಅರಳಿತು. "ಯಾರು ಕಲಿಸಿದ್ದು? ತಾತಾನಾ? ಎಷ್ಟೋ ಅಪ್ಪ ಅಮ್ಮಂದಿರಿಗೆ ಬರಲ್ಲ ಇದು. ಬಾಯಿ ಮುಕ್ಕಳಿಸ್ತೀಯಾ ಆಮೇಲೆ?" "ತಾತ ಬಿಡಲ್ಲ, ಮೂರು ಸಲ," ಎಂದಳು ಕೊಕ್ಕರೆ. ಮುದುಕನ ಎದೆ ಒಂದು ಅಂಗುಲ ಉಬ್ಬಿತು. ಅದೇ ಉಬ್ಬಿದ ಎದೆಯಲ್ಲೇ ಮುಂದಿನ ಮಾತನ್ನೂ ಕೇಳಿಸಿಕೊಂಡ: ಸರಿಯಾಗಿ ಕೊಟ್ಟೂ ಎರಡು ವಾರದಿಂದ ಕೆಮ್ಮು ಏರುತ್ತಿದೆ, ಶಾಲೆಯಲ್ಲಿ ಓಡುವಾಗ ಉಸಿರು ಕಟ್ಟಿದೆ, ಉಸಿರು ಕಟ್ಟಿದಾಗಷ್ಟೇ ಕೊಡಬೇಕಾದ ನೀಲಿ ಇನ್ಹೇಲರ್ ಈ ವಾರದಲ್ಲೇ ಐದು ಸಲ ಬೇಕಾಗಿದೆ ಎಂದರೆ ಈ ಔಷಧಿ ಇವಳಿಗೆ ಸಾಲುತ್ತಿಲ್ಲ. ಹೆಚ್ಚಿನ ಬಲದ್ದು ಬರೆಯುತ್ತೇನೆ, ಜೊತೆಗೆ ದಿನಕ್ಕೊಂದು ಮಾತ್ರೆ. "ಮಾತ್ರೆ ಶುರು ಮಾಡಿದ ಮೇಲೆ ಸ್ವಲ್ಪ ಗಮನ ಇಡಿ. ಕೆಲವು ಮಕ್ಕಳಿಗೆ ಕೆಟ್ಟ ಕನಸು ಬೀಳುತ್ತೆ, ಸಿಡಿಮಿಡಿ ಅಂತಾರೆ, ಸುಮ್ಮಸುಮ್ಮನೆ ಅಳ್ತಾರೆ. ಹಾಗೇನಾದ್ರೂ ಕಂಡ್ರೆ ತಡ ಮಾಡದೆ ಬಂದು ಹೇಳಿ." ಮಗಳು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಅದೇನೋ ಬಿಸಿ ಪಾತ್ರೆ ಎಂಬಂತೆ.

ಹೊರಗಿನ ಬೆಂಚಿನಲ್ಲಿ ಅವನನ್ನೂ ಕೊಕ್ಕರೆಯನ್ನೂ ಕೂರಿಸಿ ಮಗಳು ಔಷಧಿ ಕಿಟಕಿಯ ಸಾಲಿಗೆ ಹೋದಳು. ಬೆಂಚಿಗೆ ಎದುರಾಗಿ ಗೋಡೆಗೆ ಶ್ವಾಸಕೋಶದ ದೊಡ್ಡ ಚಿತ್ರ ಅಂಟಿಸಿದ್ದರು, ತಲೆಕೆಳಗಾದ ಬೋಳು ಮರದಂತೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಎಷ್ಟೋ ಅಪ್ಪ ಅಮ್ಮಂದಿರಿಗೆ ಬರಲ್ಲ. ಇದನ್ನು ಮಗಳು ಸಂಜೆ ಅಳಿಯನಿಗೆ ಫೋನಿನಲ್ಲಿ ಹೇಳಬಹುದು. ತಾನಾಗಿ ಹೇಳದಿದ್ದರೆ ನೆನಪು ಮಾಡಬೇಕು. ಪಕ್ಕದಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಅಜ್ಜಿ, ತೊಡೆಯ ಮೇಲೆ ಮೂರು ವರ್ಷದ ಮಗು. ಮಗುವಿನ ಕೈಯಲ್ಲೂ ಕಂದು ಇನ್ಹೇಲರ್. ಅದರ ಬೆನ್ನಿಗೊಂದು ಸಣ್ಣ ಕಿಟಕಿ, ಕಿಟಕಿಯಲ್ಲಿ ಅಂಕಿ. ಕೊಕ್ಕರೆ ಬಗ್ಗಿ ಓದಿದಳು: "ಅರವತ್ತೆರಡು."

"ಏನದು ನಂಬರು?" ಎಂದ ಮುದುಕ, ಸುಮ್ಮನೆ ಮಾತಿಗೆ.

"ಇನ್ನೆಷ್ಟು ಉಳಿದಿದೆ ಅಂತ ತೋರಿಸುತ್ತೆ. ನಿಮ್ಮದ್ರಲ್ಲಿಲ್ವಾ?"

"ನಮಗೆ ಬೇಡ ಅದೆಲ್ಲ. ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ."

ಅಜ್ಜಿ ನಕ್ಕಳು, ಹಲ್ಲಿಲ್ಲದ ಕಡೆ ಗಾಳಿ ಹೋಗುವಂತೆ. "ಅಯ್ಯೋ ಏನ್ ಗೊತ್ತಾಗುತ್ತೆ ರೀ! ನಾನೂ ಹಂಗೇ ಅಂದ್ಕೊಂಡಿದ್ದೆ. ನೀರಲ್ಲಿ ಹಾಕಿ ತೇಲುತ್ತಾ ಮುಳುಗುತ್ತಾ ಅಂತಾನೂ ನೋಡಿದ್ದೆ. ಔಷಧಿ ಕಿಟಕಿ ಹತ್ರ ಇರೋ ಆ ಹುಡುಗಿ ನನಗೆ ಸರಿಯಾಗಿ ಬೈದ್ಲು. ಔಷಧಿ ಮುಗಿದು ಹೋದ್ಮೇಲೂ ಒಳಗೆ ಗಾಳಿ ಇರುತ್ತಂತೆ. ಒತ್ತಿದ್ರೆ ಬುಸ್ ಅನ್ನುತ್ತೆ, ಅಲ್ಲಾಡಿಸಿದ್ರೆ ಗಳಗಳ ಅನ್ನುತ್ತೆ, ಆದ್ರೆ ಔಷಧಿ ಮಾತ್ರ ಬರಲ್ಲ. ಬರೀ ಬುಸ್! ನನ್ನ ಯಜಮಾನ್ರ ಥರ."

ಅವಳು ತನ್ನ ಜೋಕಿಗೆ ತಾನೇ ಮಗುವನ್ನು ಕುಲುಕುವಷ್ಟು ನಕ್ಕಳು. ಮುದುಕನೂ ನಕ್ಕ, ನಗು ಮುಖದಲ್ಲಿ ನಿಂತೇ ಇತ್ತು, ಕೈ ಮಾತ್ರ ಜೇಬಿಗೆ ಹೋಯಿತು. "ಹಂಗಾದ್ರೆ ಹೆಂಗೆ ಗೊತ್ತಾಗೋದು?" ಎಂದ. "ಎಣಿಸ್ಬೇಕು. ಎಷ್ಟು ಸಲ ಅಂತ ಮೇಲೆ ಬರೆದಿರುತ್ತೆ ನೋಡಿ. ಶುರು ಮಾಡಿದ ದಿನಾನ ಗೀಚಿಟ್ಕೊಂಡು ಲೆಕ್ಕ ಹಾಕ್ಬೇಕು." ಅಷ್ಟರಲ್ಲಿ ಅವಳ ಸರದಿ ಕೂಗಿದರು. ಮಗುವನ್ನೂ ಚೀಲವನ್ನೂ ಮೊಣಕಾಲನ್ನೂ ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದಳು.

ಕನ್ನಡಕ ಹಾಕಿ, ತನ್ನ ಡಬ್ಬಿಯ ಮೇಲಿದ್ದುದನ್ನು ಓದಿ, ಮತ್ತೆ ಜೇಬಿಗಿಟ್ಟ. ಇನ್ನೂರು. ದಿನಕ್ಕೆ ನಾಲ್ಕು ಎಂದರೆ ಐವತ್ತು ದಿನ. ಯಾವತ್ತು ಶುರು ಮಾಡಿದ್ದು? ಬೆರಳ ಗಿಣ್ಣುಗಳ ಮೇಲೆ ಹೆಬ್ಬೆರಳು ಓಡಿತು. ರಜೆ ಮುಗಿದು ಶಾಲೆ ತೆರೆದ ದಿನ, ಕೊಕ್ಕರೆಯ ಚೀಲದ ಜಿಪ್ ಕಿತ್ತು ಬಂದು ಎಲ್ಲರೂ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದ ಬೆಳಿಗ್ಗೆ, ಹೊಸ ಡಬ್ಬಿಯ ಸೀಲು ಒಡೆದದ್ದು. ಅಥವಾ ಜಿಪ್ ಕಿತ್ತದ್ದು ಮರುದಿನವೋ? ಶಾಲೆ ತೆರೆದು ಎಷ್ಟು ದಿನವಾಯಿತು? ಒಮ್ಮೆ ಎಣಿಸಿದರೆ ಅರವತ್ತು ಬಂತು. ಇನ್ನೊಮ್ಮೆ ಎಣಿಸಿದರೆ ಮೂವತ್ತೆಂಟು. ಕೊಕ್ಕರೆಯನ್ನೇ ಕೇಳಿದ. ಅವಳು ಶಾಲೆಯ ಡೈರಿಯನ್ನು ಚೀಲದಿಂದ ತೆಗೆದು, ಒಂದೊಂದೇ ಹಾಳೆ ತಿರುಗಿಸಿ, ಭಾನುವಾರಗಳನ್ನೂ ಬಿಡದೆ ಎಣಿಸಿ ಹೇಳಿದಳು: ನಲವತ್ತೇಳು. ಐವತ್ತಕ್ಕೆ ಇನ್ನೂ ಮೂರು ದಿನ ಇದೆ. ಅವನು ಬೆಂಚಿಗೆ ಬೆನ್ನು ಒರಗಿಸಿದ. ಕಾಲು ಭಾಗ ಇಲ್ಲದಿದ್ದರೂ ಹನ್ನೆರಡು ಊದು ಇದೆ. ತಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ತೂಕದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ, ಯಾರಿಗಾದರೂ ಆಗುವುದೇ. ಎದುರಿನ ಬೋಳು ಮರವೂ ಸ್ವಲ್ಪ ಚಿಗುರಿದ ಹಾಗೆ ಕಂಡಿತು, ಮತ್ತು ಹಾಗೆ ಕಾಣುತ್ತಿರುವಾಗಲೇ ತನ್ನ ಬಲಗೈ ತನ್ನಷ್ಟಕ್ಕೆ ಏನು ಮಾಡುತ್ತಿದೆ ಎಂದು ನೋಡಿಕೊಂಡ. ಜೇಬಿನ ಡಬ್ಬಿಯನ್ನು ತೆಗೆದು, ಬಾಯನ್ನು ತನ್ನಿಂದ ಆಚೆಗೆ ತಿರುಗಿಸಿ, ಒತ್ತಲು ಸಿದ್ಧವಾಗಿ ಹೆಬ್ಬೆರಳು ಕೆಳಗೆ ಕೊಟ್ಟು ಹಿಡಿದಿತ್ತು. ಮೊದಲ ಉಸಿರು ಗಾಳಿಗೆ. ಗೋದಾಮಿನಲ್ಲಿ ಹೊಸಬರಿಗೆಲ್ಲ ಅವನು ಕಲಿಸುತ್ತಿದ್ದ ಮೊದಲ ಪಾಠ ಅದು: ರೆಗ್ಯುಲೇಟರ್ ಕೂರಿಸುವ ಮುಂಚೆ ಒಂದು ಚಣ ಬಾಯಿ ಬಿಟ್ಟು ನೋಡು, ಕಸ ಇದ್ದರೆ ಹೋಗುತ್ತದೆ, ಗ್ಯಾಸು ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇನ್ಹೇಲರಿನ ಪೆಟ್ಟಿಗೆಯ ಕಾಗದದಲ್ಲಿ ಹೊಸದಾಗಿ ತೆರೆದಾಗ ಮಾತ್ರ ಗಾಳಿಗೆ ಒಮ್ಮೆ ಬಿಡಿ ಎಂದಿದ್ದುದನ್ನು ಮಗಳು ಓದಿ ಹೇಳಿದ್ದಳು. ಹೊಸದಾಗಿ ಎನ್ನುವುದು ಅವನ ಕಿವಿಗೆ ಬಿದ್ದಿತ್ತು, ಕೈಗೆ ಬಿದ್ದಿರಲಿಲ್ಲ. ನಲವತ್ತೇಳು ದಿನ, ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ, ಮಗುವಿಗೆ ಕೊಡುವ ಮುಂಚೆ ಅಡುಗೆಮನೆಯ ಕಿಟಕಿಯತ್ತ ಒಂದು ಬುಸ್. ಅಂದರೆ ದಿನಕ್ಕೆ ನಾಲ್ಕಲ್ಲ, ಆರು. ಇನ್ನೂರನ್ನು ಆರರಿಂದ... ಭಾಗಾಕಾರ ಬಾರದವನಲ್ಲ ಅವನು, ಆದರೆ ಮನಸ್ಸು ಆ ಲೆಕ್ಕದ ಬಾಗಿಲಲ್ಲಿ ನಿಂತು ಒಳಗೆ ಹೋಗಲು ಒಲ್ಲೆ ಎಂದಿತು. ಮೂವತ್ತಮೂರು. ಮೂವತ್ತಮೂರು ದಿನಕ್ಕೆ ಮುಗಿದಿದೆ. ಉಳಿದ ಹದಿನಾಲ್ಕು ದಿನ?

ಕಾಟಾ ಗುಮಾಸ್ತನ ಮುಖ ಯಾಕೆ ಆಗ ನೆನಪಾಯಿತೋ. ಒಂದು ಕಿವಿ ಮಡಚಿಕೊಂಡಂತಿದ್ದ ಆ ಮನುಷ್ಯ ಗೋದಾಮಿನ ತೂಕದ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಒಂದು ದಿನ ಒಂದು ಲೋಡಿನ ಸಿಲಿಂಡರುಗಳಲ್ಲಿ ಎರಡೆರಡು ಕಿಲೋ ಕಮ್ಮಿ ಎಂದು ಯಂತ್ರ ತೋರಿಸಿತು. ತಕ್ಕಡಿ ಎತ್ತಿ ನೋಡಿ, ಎಲ್ಲ ತುಂಬಿದೆ, ನಿನ್ನ ಕಾಟಾ ಕೆಟ್ಟಿದೆ ಎಂದ. ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕು, ಲೋಡು ಕಳಿಸಿ, ಯಂತ್ರವನ್ನು ರಿಪೇರಿಗೆ ಹಾಕಿಸಿ, ಗುಮಾಸ್ತನನ್ನು ಹಿಂದಿನ ಗೇಟಿಗೆ ಕೂರಿಸಿದ. "ಯಂತ್ರ ಸುಳ್ಳು ಹೇಳಲ್ಲ ಕಣೋ ತಕ್ಕಡಿ, ಅದಕ್ಕೆ ಮಾನ ಮರ್ಯಾದೆ ಇಲ್ಲ," ಎಂದಷ್ಟೇ ಹೇಳಿ ಅವನು ತನ್ನ ಊಟದ ಡಬ್ಬಿ ಎತ್ತಿಕೊಂಡು ಹೋದ. ಹದಿನೈದು ದಿನದ ಮೇಲೆ ಯಂತ್ರ ವಾಪಸ್ಸು ಬಂತು, ಜೊತೆಗೆ ಒಂದು ಚೀಟಿ: ಯಾವ ದೋಷವೂ ಇಲ್ಲ. ಚೀಟಿ ಬಂದು ಬಿದ್ದದ್ದು ತಕ್ಕಡಿಯ ಕೈಗೆ. ಅವನು ಅದನ್ನು ಓದಿ, ಮಡಚಿ, ಅಂಗಿಯ ಜೇಬಿನಲ್ಲಿ, ಇದೇ ಎಡಗಡೆಯ ಜೇಬಿನಲ್ಲಿ ಇಟ್ಟುಕೊಂಡ. ಕೊಡೋಣ ಎಂದೇ ಇಟ್ಟುಕೊಂಡದ್ದು. ಸೋಮವಾರ ಕೊಡೋಣ ಎಂದು. ಅಂಗಿ ಒಗೆತಕ್ಕೆ ಹೋಯಿತು.

"ತಾತ, ಯಾಕೆ ಹಂಗೆ ಉಸಿರಾಡ್ತಿದೀಯಾ?" ಎಂದಳು ಕೊಕ್ಕರೆ. ಅವಳ ಉಸಿರಲ್ಲೂ ಕೊನೆಗೊಂದು ಸಣ್ಣ ಸಿಳ್ಳು ಇತ್ತು, ಬಾಗಿಲ ಸಂದಿನ ಗಾಳಿಯ ಹಾಗೆ. ಹತ್ತು ದಿನದಿಂದ ಅವನು ಅದನ್ನು ಕೇಳುತ್ತಿದ್ದ, ಶೀತ ಎಂದುಕೊಂಡಿದ್ದ. "ಏನಿಲ್ಲ ಮರಿ," ಎಂದ. ಆಮೇಲೆ, ಕೇಳಬಾರದು ಎಂದುಕೊಳ್ಳುತ್ತಲೇ, ಕೇಳಿದ: "ಇದನ್ನ ಊದುವಾಗ ಬಾಯಲ್ಲಿ ಹೆಂಗಿರುತ್ತೆ ನಿಂಗೆ?"

"ಈಗ ಏನೂ ಇರಲ್ಲ. ಮೊದ್ಲು ಕಹಿ ಇತ್ತು. ಹೇಳಿದ್ನಲ್ಲ ನಿಂಗೆ."

ಹೇಳಿದ್ದಳು. ಹೊಸ ಬೂಟು ಕೊಳ್ಳಲು ಹೋದ ದಿನದ ಬೆಳಿಗ್ಗೆ, ಅಡುಗೆಮನೆಯ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ಕೊಳವೆಯನ್ನು ಬಾಯಿಂದ ತೆಗೆದು, ಏನೋ ಬಹುಮಾನ ಬಂದವಳಂತೆ ಹೇಳಿದ್ದಳು: ತಾತ, ಇವತ್ತು ಕಹಿ ಇಲ್ಲ! ಅವನೂ ಹಿಗ್ಗಿದ್ದ. "ನೋಡಿದ್ಯಾ, ನಿನ್ನ ನಾಲಿಗೆ ದೊಡ್ಡದಾಗಿದೆ, ದೊಡ್ಡೋರಿಗೆ ಕಹಿ ಗೊತ್ತಾಗಲ್ಲ," ಎಂದು ಬೆನ್ನು ತಟ್ಟಿದ್ದ. ಆಮೇಲೆ ಅವರು ಬೂಟಿನ ಅಂಗಡಿಗೆ ಹೋದರು, ಅವಳು ಹೊಸ ಬೂಟಿನಲ್ಲಿ ಬೀದಿಯುದ್ದ ಓಡಿದಳು, ಓಡಿ ಬಂದು ಗೋಡೆ ಹಿಡಿದು ನಿಂತಳು. ಮಗು ತನ್ನ ಬಾಯಿಂದಲೇ ಹೇಳಿತ್ತು. ಯಂತ್ರದ ಹಾಗೆ, ಮಾನ ಮರ್ಯಾದೆಯ ಹಂಗಿಲ್ಲದೆ. ಅವನು ಅದಕ್ಕೂ ಒಂದು ಸುಳ್ಳು ಹೊಲಿದು ಹೊದಿಸಿದ್ದ. ಅಥವಾ ಕಹಿ ನಿಜಕ್ಕೂ ಹಾಗೆ ಅಭ್ಯಾಸವಾಗಿ ಹೋಗುವುದೂ ಇರಬಹುದೇ? ಡಬ್ಬಿ ಇನ್ನೂ ಭಾರವಾಗಿದೆಯಲ್ಲ? ಮತ್ತೆ ಅಂಗೈ ಮೇಲಿಟ್ಟುಕೊಂಡ. ಕಾಲು ಭಾಗ, ಎಂದಿತು ಅಂಗೈ, ಕೊಂಚವೂ ನಾಚದೆ.

ಮಗಳು ಕಾಗದದ ಪೊಟ್ಟಣ ಹಿಡಿದು ಬಂದಳು. "ಏಳಪ್ಪಾ, ನಡಿ. ಅರ್ಧ ದಿನದ ರಜೆ ಮಾತ್ರ ಬರೆದು ಬಂದಿದೀನಿ." ಈಗ ಹೇಳಬೇಕು. ಬೆಂಚಿನಿಂದ ಎದ್ದ, ಬಾಯಿ ತೆರೆದ. "ಏನು?" ಎಂದಳು ಅವಳು. "ಕೊಡೆ ತಂದಿದ್ವಾ?" ಎಂದ. "ಮಳೆ ಎಲ್ಲಿದೆ ಅಪ್ಪ, ಕೊಡೆ ಯಾಕೆ ತರ್ತಾರೆ," ಎಂದು ಅವಳು ಬಾಗಿಲಿನತ್ತ ತಿರುಗಿದಳು. ಮೆಟ್ಟಿಲು ಇಳಿಯುವಾಗ ಅವನ ತಲೆಯಲ್ಲಿ ತಕ್ಕಡಿಯ ಎರಡು ತಟ್ಟೆ ಮೇಲೆ ಕೆಳಗೆ ಆಡುತ್ತಿದ್ದವು. ಹೇಳಿದರೆ? ಮಗಳು ಬೈಯುವುದಿಲ್ಲ, ಬೈದರೆ ವಾಸಿ. ಸುಮ್ಮನೆ ಕಂದು ಡಬ್ಬಿಯನ್ನು ಅವನ ಜೇಬಿನಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾಳೆ, ಪಕ್ಕದ ಮನೆಯಾಕೆಗೆ ಹೇಳುತ್ತಾಳೆ ಬೆಳಿಗ್ಗೆ ಒಂದು ಸಲ ಬಂದು ಹೋಗಿ ಎಂದು, ಅವನು ಸೋಫಾದ ಮೂಲೆಯಲ್ಲಿ ಕುಳಿತು ಆ ಪಕ್ಕದ ಮನೆಯಾಕೆ ತನ್ನ ಮೊಮ್ಮಗಳಿಗೆ ಒಂದು ಎರಡು ಎಣಿಸುವುದನ್ನು ನೋಡಬೇಕು. ಹೇಳದಿದ್ದರೆ? ಹೊಸ ಡಬ್ಬಿ ಹೇಗೂ ಬಂದಿದೆ. ಬಲವಾದದ್ದು. ಮಗುವಿಗೆ ವಾಸಿಯಾಗುತ್ತದೆ. ಬಲವಾದದ್ದರಿಂದ ವಾಸಿಯಾಯಿತು ಎಂದು ಎಲ್ಲರೂ ನಂಬುತ್ತಾರೆ, ಬೇಕಿಲ್ಲದ ಮದ್ದು ಅವಳ ಹೊಟ್ಟೆಗೆ ದಿನಾ ಇಳಿಯುತ್ತಿರುತ್ತದೆ, ವರ್ಷಾನುಗಟ್ಟಲೆ, ಅವನು ಸತ್ತ ಮೇಲೂ. ಕೆಟ್ಟ ಕನಸು. ಸುಮ್ಮಸುಮ್ಮನೆ ಅಳು. ಬೆಳಿಗ್ಗೆ ಎದ್ದು ತಾತ ಹಿಂಗೊಂದು ಕನಸು ಎಂದು ಅವಳು ಹೇಳುವಾಗ ತಾನು ಯಾವ ಮುಖ ಇಟ್ಟುಕೊಂಡು ಕೇಳಬೇಕು?

ಕೊನೆಯ ಮೆಟ್ಟಿಲಿನಲ್ಲಿ ಕೊಕ್ಕರೆ ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಮಗಳು ಚೀಲವನ್ನು ನೆಲಕ್ಕಿಟ್ಟು, ನೀಲಿ ಇನ್ಹೇಲರನ್ನು ಕೊಳವೆಗೆ ಸಿಕ್ಕಿಸಿ, ಒಂದೊಂದಾಗಿ ಕೊಟ್ಟಳು. ಜನ ಪಕ್ಕದಿಂದ ಹತ್ತಿ ಇಳಿಯುತ್ತಿದ್ದರು. ಹುಡುಗಿಯ ಕತ್ತಿನ ಕೆಳಗಿನ ಗುಳಿ ಒಳಗೆ ಹೋಗಿ ಹೊರಗೆ ಬರುವುದನ್ನು ಅವನು ನೋಡುತ್ತ ನಿಂತ. ಐದಾರು ನಿಮಿಷದಲ್ಲಿ ಗುಳಿ ಸಮವಾಯಿತು. "ನಿನ್ನೆ ಐಸ್ ತಿಂದ್ಯಾ?" ಎಂದಳು ಮಗಳು, ಸಿಟ್ಟು ಅಳು ಎರಡೂ ಸೇರಿದ ದನಿಯಲ್ಲಿ. "ಇಲ್ಲಮ್ಮ." "ಸುಳ್ಳು ಹೇಳ್ಬೇಡ. ಓಡ್ಬೇಡ ಅಂದ್ರೆ ಓಡ್ತೀಯಾ, ತಿನ್ಬೇಡ ಅಂದ್ರೆ ತಿಂತೀಯಾ." "ಇಲ್ಲಮ್ಮ, ನಿಜವಾಗ್ಲೂ." "ಆಯ್ತು, ಇಲ್ಲೇ ಮಾತ್ರೆ ತಗೊಂಡ್ಬಿಡು, ಇವತ್ತಿಂದಾನೇ ಶುರುವಾಗ್ಲಿ. ಅಪ್ಪಾ, ಆ ನೀರಿನ ಬಾಟ್ಲಿ ಕೊಡು." ಅವಳು ಮಾತ್ರೆಯ ಹಾಳೆಯನ್ನು ಹರಿದಳು. ಗುಲಾಬಿ ಬಣ್ಣದ ಮಾತ್ರೆ ಅವಳ ಅಂಗೈಗೆ ಬಿತ್ತು. ಬಾಟ್ಲಿ ಅವನ ಕೈಯಲ್ಲಿತ್ತು. ಕೊಡಲಿಲ್ಲ.

"ಅಪ್ಪಾ, ಬಾಟ್ಲಿ."

"ಕೊಡಲ್ಲ," ಎಂದ.

"ಏನಾಗಿದೆ ನಿಂಗೆ?"

"ಅವಳು ಐಸ್ ತಿಂದಿಲ್ಲ. ಡಬ್ಬಿ ಖಾಲಿ. ಎರಡು ವಾರದಿಂದ ಬರೀ ಗಾಳಿ ಊದಿಸಿದೀನಿ ನಾನು." ಹೇಳಿಬಿಟ್ಟ ಮೇಲೆ ಅವನಿಗೆ ಅದು ನಿಜವೋ ಅಲ್ಲವೋ ಎಂದೇ ಅನುಮಾನ ಬಂತು. "ಇರಬಹುದು," ಎಂದು ಸೇರಿಸಿದ. "ಅನ್ಸುತ್ತೆ. ಗೊತ್ತಿಲ್ಲ. ತೂಕ ಇದೆ, ಆದ್ರೆ ಕಹಿ ಇಲ್ವಂತೆ." ಮಗಳು ಅವನನ್ನು ನೋಡಿದ ರೀತಿ, ಕಾರ್ಖಾನೆಯಲ್ಲಿ ಯಾವುದೋ ಅಂಗಿಯನ್ನು ಬೆಳಕಿಗೆ ಹಿಡಿದು, ಕಾಜ ಎಲ್ಲಿ ತಪ್ಪಿದೆ ಎಂದು ಹುಡುಕುವ ರೀತಿ. ಮಾತ್ರೆಯನ್ನು ಕರವಸ್ತ್ರದಲ್ಲಿ ಸುತ್ತಿದಳು. ಮೆಟ್ಟಿಲು ಹತ್ತಿದಳು. ಅವರಿಬ್ಬರೂ ಅವಳ ಹಿಂದೆ.

ಬಾಗಿಲಲ್ಲಿ ಕೂತಿದ್ದ ಟೋಕನ್ನಿನವನು ಕೈ ಅಡ್ಡ ಹಿಡಿದ. "ಹೊಸ ಟೋಕನ್ ತಗೊಳ್ಳಿ ಅಜ್ಜ. ಸರದಿ ಇದೆ." "ಒಂದೇ ಮಾತು ಹೇಳ್ಬೇಕು." "ಎಲ್ರದ್ದೂ ಒಂದೇ ಮಾತೇ." ಹಿಂದಿನಿಂದ ಯಾರೋ, "ಮುದುಕ್ರಿಗೆ ಮನೇಲಿ ಹೊತ್ತು ಹೋಗಲ್ಲ ನೋಡಿ," ಎಂದರು, ಸಣ್ಣ ನಗು ಎದ್ದಿತು. ಗೋದಾಮಿನಲ್ಲಿ ಕಾಟಾ ಗುಮಾಸ್ತನ ಸುತ್ತ ಎದ್ದ ನಗುವೂ ಇಷ್ಟೇ ಸಣ್ಣದಾಗಿತ್ತು, ಇದೇ ಎತ್ತರದಲ್ಲಿತ್ತು. ಅವನು ಟೋಕನ್ನಿನವನ ಕೈಯ ಮೇಲಿನಿಂದ, ಮುಚ್ಚಿದ ಬಾಗಿಲಿಗೆ, ಲೋಡು ಇಳಿಸುವಾಗ ಲಾರಿಯ ಆ ಕೊನೆಗೆ ಕೇಳುವಂತೆ ಕೂಗುತ್ತಿದ್ದ ದನಿಯಲ್ಲಿ ಕೂಗಿದ: "ಡಾಕ್ಟರಮ್ಮಾ, ಕಾಲು ಭಾಗ ಇಲ್ಲ! ನಾನು ಸುಮ್ಮನೆ ಹೇಳಿದ್ದು!" ಮಗಳು ತಲೆ ತಗ್ಗಿಸಿದಳು. ಬಾಗಿಲು ತೆರೆಯಿತು.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಅದೇ ಕಷ್ಟವಾದದ್ದು. ಅವನ ಆರರ ಲೆಕ್ಕ, ಮೂವತ್ತಮೂರರ ಲೆಕ್ಕ, ಬೂಟಿನ ದಿನ, ಎಲ್ಲವನ್ನೂ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. "ರುಚಿ ನಂಬೋಕಾಗಲ್ಲ, ತೂಕ ನಂಬೋಕಾಗಲ್ಲ, ಸದ್ದು ನಂಬೋಕಾಗಲ್ಲ. ಎಣಿಕೆ ಒಂದೇ. ನಾನೂ ದಿನಾಂಕ ಕೇಳ್ಬೇಕಿತ್ತು, ನೀವು ಅಷ್ಟು ಧೈರ್ಯವಾಗಿ ಹೇಳಿದ್ರಿ ಅಂತ ಬಿಟ್ಟೆ." ಚೀಟಿಯನ್ನು ಇಸಿದುಕೊಂಡು ಎರಡೂ ಸಾಲಿನ ಮೇಲೆ ಗೆರೆ ಎಳೆದಳು. ಮೊದಲಿನ ಮದ್ದೇ, ಮೊದಲಿನಷ್ಟೇ, ಹೊಸ ಡಬ್ಬಿಯಲ್ಲಿ. ಮಾತ್ರೆ ಈಗ ಬೇಡ. ಅಂಕಿಯ ಕಿಟಕಿ ಇರುವುದನ್ನೇ ಕೊಡಿ ಎಂದು ಬರೆದಳು. ಸ್ವಲ್ಪ ವಾಸಿಯಾಯಿತು ಎಂದು ನಡುವೆ ನಿಲ್ಲಿಸಬೇಡಿ, ನಾಲ್ಕು ವಾರ ಬಿಟ್ಟು ಬನ್ನಿ, ಅಷ್ಟರಲ್ಲಿ ನೀಲಿಯದಕ್ಕೂ ಬಗ್ಗದಷ್ಟು ಉಬ್ಬಸ ಬಂದರೆ ನಾಲ್ಕು ವಾರ ಅಲ್ಲ, ನಾಲ್ಕು ನಿಮಿಷವೂ ಕಾಯಬೇಡಿ ಎಂದಳು. "ಖಾಲಿ ಇತ್ತು ಅಂತ ಖಂಡಿತಾನಾ?" ಎಂದು ಮುದುಕ ಕೇಳಿದ, ಯಾಕೆ ಕೇಳಿದನೋ. "ಖಂಡಿತ ಅಂತ ಯಾರು ಹೇಳ್ತಾರೆ? ಹೊಸದು ಕೊಟ್ಟು ನೋಡೋಣ. ಅವಳ ಉಸಿರು ಹೇಳುತ್ತೆ."

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಕುಳಿತು ಹೊರಗೇ ನೋಡುತ್ತಿದ್ದಳು. ಮೂರು ನಿಲ್ದಾಣ ಕಳೆದ ಮೇಲೆ ಮಾತಾಡಿದಳು, ಅವನ ಕಡೆ ತಿರುಗದೆ. "ನಾನು ಇವಳನ್ನ ಬೈದೆ ಅಪ್ಪ. ಹದಿನೈದು ದಿನ. ಐಸ್ ತಿಂದೆ, ಧೂಳಲ್ಲಿ ಆಡಿದೆ, ಹೇಳಿದ್ ಕೇಳಲ್ಲ ಅಂತ. ಮೊನ್ನೆ ಒಂದೇಟು ಹೊಡೆದೆ ಕೂಡ." ಕೊಕ್ಕರೆ ಇಬ್ಬರ ನಡುವೆ ಕುಳಿತು ಬದಲಾಯಿಸಿ ತಂದ ಹೊಸ ಡಬ್ಬಿಯ ಅಂಕಿ ಕಿಟಕಿಗೆ ಕಣ್ಣು ಹಚ್ಚಿದ್ದಳು. "ಜೋರಾಗೇನೂ ಹೊಡೀಲಿಲ್ಲ ಬಿಡಮ್ಮ," ಎಂದಳು. ಮಗಳು ಅವಳ ತಲೆಯನ್ನು ಎಳೆದು ಎದೆಗೊತ್ತಿಕೊಂಡಳು. ಹಾಗೆ ಎಳೆದಾಗ ಅವಳ ಮೊಣಕೈ ಮುದುಕನ ಎಡ ಜೇಬಿಗೆ ತಗುಲಿತು, ಒಳಗಿದ್ದ ಹಳೆಯ ಡಬ್ಬಿ ಗಳಗಳ ಎಂದಿತು. ಮೂವರೂ ಕೇಳದವರಂತೆ ಕುಳಿತರು.

ಮನೆಗೆ ಬಂದು ಊಟ ಮಾಡಿ ಮಗಳು ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದಳು, ದಿನಾಂಕ ಬರೆದಳು, ಹೊಸ ಡಬ್ಬಿಯನ್ನು ಕಪಾಟಿನಲ್ಲಿ ಅವನ ಕೈಗೆ ಎಟುಕುವ ಹಲಗೆಯ ಮೇಲಲ್ಲ, ಅದರ ಮೇಲಿನದರಲ್ಲಿ ಇಟ್ಟಳು. "ಸಂಜೆಯದು ನಾನೇ ಕೊಡ್ತೀನಿ. ಕೆಲಸಕ್ಕೆ ಪೂರ್ತಿ ದಿನದ ರಜೆ ಹೇಳಿದೀನಿ," ಎಂದಳು. ಇವತ್ತಿನ ಸಂಜೆ ಎಂದಳೋ, ಇನ್ನು ಮೇಲಿನ ಸಂಜೆಗಳೆಲ್ಲ ಎಂದಳೋ. ಕೇಳಿದರೆ ಎರಡನೆಯದೇ ಉತ್ತರವಾಗಬಹುದು ಎಂದು ಅವನು ಕೇಳಲಿಲ್ಲ. ಅಂಗಿ ಬಿಚ್ಚಿ ಮೊಳೆಗೆ ಹಾಕಿ ಸೋಫಾದ ಮೂಲೆಯಲ್ಲಿ ಕುಳಿತ. ಅದು ಅಷ್ಟು ಆಳಕ್ಕೆ ಇಳಿಯುತ್ತದೆ ಎಂದು ಈವರೆಗೆ ಗೊತ್ತಿರಲಿಲ್ಲ. ಬಿಸಿಲು ನೆಲದ ಮೇಲೆ ಒಂದೊಂದೇ ಹಾಸುಗಲ್ಲು ದಾಟುತ್ತಿತ್ತು. ಕಾಟಾ ಗುಮಾಸ್ತ ಇನ್ನೂ ಬದುಕಿದ್ದಾನೋ? ಬದುಕಿದ್ದರೆ ಎಲ್ಲಿ? ಹುಡುಕಿಕೊಂಡು ಹೋಗಿ ಏನೆಂದು ಹೇಳುವುದು, ಅಂಗಿ ಒಗೆತಕ್ಕೆ ಹೋಯಿತು ಎಂದೇ?

"ತಕ್ಕಡಿ ತಾತ, ಆಟ!" ಕೊಕ್ಕರೆ ಬಂದು ಮುಂದೆ ನಿಂತಳು, ಎರಡೂ ಕೈ ಬೆನ್ನ ಹಿಂದೆ. ಅವರಿಬ್ಬರ ಹಳೆಯ ಆಟ ಅದು: ಅವಳು ಎರಡು ಲೋಟಕ್ಕೆ ಹೆಚ್ಚು ಕಮ್ಮಿ ನೀರು ತುಂಬಿ ಕಣ್ಣು ಮುಚ್ಚಿದ ಅವನ ಎರಡು ಅಂಗೈ ಮೇಲಿಡುವುದು, ಅವನು ಯಾವುದು ಭಾರ ಎಂದು ಹೇಳುವುದು, ಅವನು ಯಾವತ್ತೂ ಸೋಲದಿರುವುದು. "ಇವತ್ತು ಬೇಡ ಮರಿ." "ಒಂದೇ ಸಲ. ಕಣ್ಮುಚ್ಚು. ಮೋಸ ಮಾಡ್ಬೇಡ." ಮುಚ್ಚಿದ. ಅಂಗೈಗಳ ಮೇಲೆ ಎರಡು ತಣ್ಣನೆಯ ಪುಟ್ಟ ಡಬ್ಬಿಗಳು ಬಂದು ಕುಳಿತವು. "ಯಾವುದು ತುಂಬಿದ್ದು, ಹೇಳು." ಹೊಸದನ್ನು ಮೇಲಿನ ಹಲಗೆಯಿಂದ ಹೇಗೆ ಇಳಿಸಿದಳು, ಮಗಳು ನೋಡಿದರೆ ಏನೆನ್ನುತ್ತಾಳೆ ಎಂದು ಒಂದು ಚಣ ಗಾಬರಿಯಾದರೂ, ಅಂಗೈ ಆಗಲೇ ಕೆಲಸ ಶುರು ಮಾಡಿತ್ತು. ಎಡಗೈಯದು ಒಂದು ಕೂದಲೆಳೆ ಕೆಳಗೆ ಇಳಿಯಿತು. ಅನುಮಾನವೇ ಇಲ್ಲ. ಹಳೆಯ ಸುಖ ಮೊಣಕೈ ತನಕ ಏರಿತು. ಹೋಗಿಲ್ಲ, ಅಂಗೈ ಹೋಗಿಲ್ಲ, ಪಕ್ಕಕ್ಕೆ ಇನ್ನೊಂದು ಇದ್ದರೆ ಇವತ್ತಿಗೂ ಹೇಳಬಲ್ಲೆ.

"ಎಡಗೈಯದು. ತುಂಬಿದೆ."

ಅಡುಗೆಮನೆಯಲ್ಲಿ ಮಗಳು ಏನೋ ತೊಳೆಯುತ್ತಿದ್ದ ಸದ್ದು ನಿಂತಿತು.

"ಸರಿ ತಾನೆ?"

"ತಾತ," ಎಂದಳು ಕೊಕ್ಕರೆ, ತುಂಬ ಮೆಲ್ಲಗೆ, ಯಾರಿಗೋ ನೋವಾಗದಂತೆ ಮುಳ್ಳು ತೆಗೆಯುವ ದನಿಯಲ್ಲಿ, "ಎರಡೂ ಖಾಲಿ. ಒಂದು ನಿನ್ನ ಜೇಬಿಂದು. ಇನ್ನೊಂದು ರಜೆಗಿಂತ ಮುಂಚೇದು, ನನ್ನ ಬೊಂಬೆಗೆ ಕೊಟ್ಟಿದ್ದು."

ಅವನು ಕಣ್ಣು ತೆರೆಯಲಿಲ್ಲ. ಎಡಗೈ, ಬಲಗೈ. ಬಲಗೈ, ಎಡಗೈ. ನಿಧಾನವಾಗಿ, ಮೂವತ್ತೊಂದು ವರ್ಷದ ನಿಷ್ಠೆಯಿಂದ ಮತ್ತೊಮ್ಮೆ ತೂಗಿದ. ಎರಡರಲ್ಲೂ ಇನ್ನೂ ಕಾಲು ಭಾಗ ಇತ್ತು.